ಉಮಿಯಲ್ಲಿಟ್ಟ ಲ್ಯಾಪ್‌ಟಾಪ್

ಇದನ್ನು ಹೇಳುವುದನ್ನು ನಾನು ಮುಂದೆ ಹಾಕುತ್ತಲೇ ಬಂದೆ. ಮಳೆಗಾಲ ಕಳೆಯಲಿ ಎಂದೆ, ಗಿರಣಿ ಮುಚ್ಚಿದ ಮೇಲೆ ಎಂದೆ, ಕಣ್ಣಿನ ಪೊರೆ ತೆಗೆಸಿದ ಮೇಲೆ ಎಂದೆ. ಗಿರಣಿ ಮುಚ್ಚಿತು. ಪೊರೆಯನ್ನೂ ತೆಗೆಸಿ ಆಯಿತು. ಈಗ ಹೇಳಿಕೊಳ್ಳಲು ನೆಪ ಉಳಿದಿಲ್ಲ. ನಾನು ಓದಿದ್ದು ಹೈಸ್ಕೂಲಿನ ತನಕ. ನಾಲ್ಕು ಸಾಲು ಬರೆಯುವುದಕ್ಕೆ ಅಷ್ಟು ಸಾಕಿತ್ತು. ಸಾಲದೆ ಹೋದದ್ದು ಧೈರ್ಯ.

ಶಿರಾಲಿಯಲ್ಲಿ ಹೆದ್ದಾರಿಯ ಪಕ್ಕಕ್ಕೆ ನನ್ನದೊಂದು ಗಿರಣಿ ಇತ್ತು. ಭತ್ತದ ಯಂತ್ರ ಒಂದು, ಹಿಟ್ಟಿನ ಕಲ್ಲು ಒಂದು. ಗಿರಣಿಯ ಹಿಂಬದಿಗೇ ಮನೆ, ನಡುವೆ ಒಂದು ಬಾಗಿಲು. ಸಮುದ್ರ ದೂರವಿಲ್ಲ. ಮಳೆ ಹಿಡಿಯಿತೆಂದರೆ ಬೆಂಕಿಕಡ್ಡಿ ಹತ್ತುವುದಿಲ್ಲ, ಹಪ್ಪಳ ಬಟ್ಟೆಯ ಹಾಗೆ ಮಡಚುತ್ತದೆ, ಬೀಗ ಬೀಗದಕೈಯನ್ನು ನುಂಗಿಕೊಂಡು ಬಿಡುವುದಿಲ್ಲ. ಅದಕ್ಕೆ ನನ್ನ ಅವ್ವಿ ಕಂಡುಕೊಂಡಿದ್ದ ಉಪಾಯ ಉಮಿ. ಹಲಸಿನ ಮರದ ದೊಡ್ಡ ಪೆಟ್ಟಿಗೆಯಲ್ಲಿ ಬೇಸಿಗೆಯಲ್ಲಿ ಒಣಗಿಸಿದ ಭತ್ತದ ಉಮಿ ತುಂಬಿ, ಬೀಜದ ಗಂಟು, ಬೆಲ್ಲದ ಡಬ್ಬಿ, ಬೆಂಕಿಪೊಟ್ಟಣ ಎಲ್ಲವನ್ನೂ ಅದರೊಳಗೆ ಹೂತಿಡುತ್ತಿದ್ದಳು. ಥಂಡಿಯನ್ನು ಉಮಿ ತಾನು ಕುಡಿದು ಒಳಗಿನದನ್ನು ಕಾಯುತ್ತದೆ ಎನ್ನುತ್ತಿದ್ದಳು. ಅವಳು ಹೋದ ಮೇಲೆ ನಾನು ರೇಡಿಯೋವನ್ನೂ ಹಾಗೇ ಇಟ್ಟೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಕೇರಿಯವರ ರೇಡಿಯೋ, ಟೇಪ್‌ರೆಕಾರ್ಡರುಗಳೆಲ್ಲ ಒಂದೊಂದು ಮಳೆಗಾಲಕ್ಕೆ ಒಂದೊಂದರಂತೆ ಗಂಟಲು ಕಟ್ಟಿಕೊಂಡು ಹಾಳಾದವು. ನಮ್ಮದಕ್ಕೆ ಏನೂ ಆಗಲಿಲ್ಲ. ಗಿರಣಿಗೆ ಬಂದವರ ಹತ್ತಿರ ನಾನು ಅದನ್ನು ಹೇಳಿಕೊಂಡು ಹೆಮ್ಮೆ ಪಡುತ್ತಿದ್ದೆ.

ನಮಗೆ ಒಬ್ಬಳೇ ಮಗಳು. ನಡೆಯಲು ಕಲಿತು ಓಡಾಡುವ ವಯಸ್ಸಿನಲ್ಲಿ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಕಿವಿಯನ್ನು ಕೊಂಡುಹೋಯಿತು. ಅದು ನಮಗೆ ತಿಳಿದದ್ದು ಒಂದು ದಿನ ಗಿರಣಿಯ ಬೆಲ್ಟು ತುಂಡಾಗಿ ಗೋಡೆಗೆ ಬಡಿದಾಗ. ಗಿರಾಕಿಗಳೆಲ್ಲ ಹೊರಗೆ ಓಡಿದರು. ಅವಳು ಮೆಟ್ಟಿಲ ಮೇಲೆ ಬೆನ್ನು ಹಾಕಿ ಕೂತವಳು ಇರುವೆಯನ್ನು ನೋಡುತ್ತಲೇ ಇದ್ದಳು. ಅದೇ ಕಲ್ಲುಮೆಟ್ಟಿಲಿನಲ್ಲಿ ಮುಂದೊಮ್ಮೆ ಬಿದ್ದು ಎಡಹುಬ್ಬು ಒಡೆದುಕೊಂಡಳು. ಗಾಯ ಮಾಯ್ದರೂ ಹುಬ್ಬಿನ ನಡುವೆ ಕೂದಲು ಬರಲಿಲ್ಲ.

ಅವಳನ್ನು ಘಟ್ಟದ ಮೇಲಿನ ಕಿವುಡ ಮಕ್ಕಳ ಶಾಲೆಗೆ ಸೇರಿಸಿದೆವು. ಅಲ್ಲೇ ಹಾಸ್ಟೆಲು. ಮೊದಲ ರಜೆಗೆ ಬಂದಾಗ ಅವಳ ಕೈಗೆ ಮಾತು ಬಂದಿತ್ತು. ಹೆಂಡತಿ ಬಾವಿಕಟ್ಟೆಯಲ್ಲಿ, ಒಲೆಯ ಮುಂದೆ ಅವಳ ಎದುರಿಗೆ ಕೂತು ಒಂದೊಂದಾಗಿ ಆ ಕೈಮಾತು ಕಲಿತಳು. ನಾನು ಕಲಿಯಲಿಲ್ಲ. ಇದರಲ್ಲಿ ಒಂದು ವಿಚಿತ್ರವಿದೆ. ಗಿರಣಿಯ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಸಣ್ಣ ಬೀಸಬೇಕೋ ದೊರಗೋ, ಎರಡು ಸಲ ಹಾಕಬೇಕೋ, ಸಂಜೆ ಬರ್ತೀಯೋ, ಎಲ್ಲವನ್ನೂ ನಾನು ದಿನವಿಡೀ ಗಿರಾಕಿಗಳ ಜೊತೆ ಕೈಯಲ್ಲೇ ಆಡುತ್ತಿದ್ದೆ. ಒಳಗೆ ಬಂದು ಮಗಳ ಎದುರು ಕೈ ಎತ್ತಲು ಮಾತ್ರ ನಾಚಿಕೆ. ನೋಡಿದವರು ಏನೆಂದಾರು ಎಂದು. ಉಣ್ಣು, ಬಾ, ಮಲಗು, ಇಷ್ಟು ಸನ್ನೆ ಸಾಕು ಎಂದುಕೊಂಡೆ. ಅಪ್ಪನಾದವನಿಗೆ ಇದಕ್ಕಿಂತ ಹೆಚ್ಚು ಹೇಳಲು ಏನಿರುತ್ತದೆ ಎಂದೂ ಅಂದುಕೊಂಡಿದ್ದೆ.

ಹತ್ತನೇ ತರಗತಿ ಮುಗಿಸಿ ಅವಳು ಮನೆಗೆ ಬಂದಳು. ಗೆಳತಿಯರು ಹುಬ್ಬಳ್ಳಿ ಕಡೆ, ಶಿರಸಿ ಕಡೆ, ದಾವಣಗೆರೆ ಕಡೆ ಹಂಚಿಹೋದರು. ಗಿರಣಿಯಲ್ಲಿ ಅವಳು ನನಗೆ ಆಳಿಗಿಂತ ಹೆಚ್ಚಾದಳು. ಗೋಡೆಗೆ ಅಂಗೈ ಇಟ್ಟು ಬೆಲ್ಟು ಸಡಿಲಾದದ್ದನ್ನು ನನಗಿಂತ ಮೊದಲು ಹಿಡಿಯುತ್ತಿದ್ದಳು. ಆದರೆ ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ಕೂತು ರಸ್ತೆಯ ಬಸ್ಸು ನೋಡುವಳು. ಹೆಂಡತಿಗೆ ಬರುತ್ತಿದ್ದದ್ದು ಮನೆಯ ಮಾತಷ್ಟೇ. ಮಗಳಿಗೆ ಅದಕ್ಕಿಂತ ದೊಡ್ಡ ಮಾತು ಬರುತ್ತಿತ್ತು, ಆಡಲು ಜನ ಇರಲಿಲ್ಲ.

ಹಾಗಿರುವಾಗ ಹೆಂಡತಿಯ ತಮ್ಮ ಒಂದು ಚೌತಿಗೆ ಮುಂಬಯಿಯಿಂದ ಬರುವಾಗ ಲ್ಯಾಪ್‌ಟಾಪ್ ತಂದ. ಅವನ ಆಫೀಸಿನಲ್ಲಿ ಹಳೆಯದನ್ನು ತೆಗೆದು ಹೊಸದು ಹಾಕಿದ್ದರಂತೆ. ಮೇಲಿನ ಅಂಚಿನಲ್ಲಿ ಕಡಲೆಕಾಳಿನಷ್ಟು ಕ್ಯಾಮೆರಾ. ಮನೆಗೆ ಫೋನು ಇತ್ತು, ಅದರ ತಂತಿಯಲ್ಲೇ ಇಂಟರ್ನೆಟ್ ಹಾಕಿಸಿದೆವು.

“ಭಾವ, ಇದ್ ಗಿರಣಿ ಅಲ್ಲ. ಬೆಲ್ಟ್ ಹಾಕೂಕೆ ಹೋಗ್ಬೇಡ ಮತ್ತೆ,” ಎಂದ ನನಗೆ.

“ಹಿಟ್ಟ್ ಬೀಳ್ತದಾ ಇದ್ರಲ್ಲಿ?” ಎಂದೆ ನಾನು.

“ಹಿಟ್ಟ್ ಬೀಳೂದಿಲ್ಲ. ನಿನ್ ಮಗಳ ಬಾಯ್ ಬಿಡ್ತದೆ, ಕಾಣು.”

ಅವನು ಹೇಳಿದ್ದು ನಿಜವಾಯಿತು. ಪರದೆಯಲ್ಲಿ ದಾವಣಗೆರೆ ಕಡೆಯ ಗೆಳತಿಯ ಮುಖ ಬಂತು, ಆಮೇಲೆ ಅವಳ ಕೈ. ಚಿತ್ರ ತುಂಡುತುಂಡಾಗಿ ಬರುತ್ತಿತ್ತು, ಆದರೂ ಅವರಿಗೆ ಸಾಕಾಗುತ್ತಿತ್ತು. ಮಗಳ ಕೈ ಓಡುವ ವೇಗಕ್ಕೆ ಬಳೆ ಮೊಣಕೈಗೆ ಹೋಗಿ ಕೂರುತ್ತಿದ್ದವು. ನಗುವಾಗ ಗಂಟಲಿನಿಂದ ಅವಳದೇ ಒಂದು ಸದ್ದು ಬರುತ್ತಿತ್ತು. ನನ್ನ ಮಗಳು ವಾಚಾಳಿ ಎಂದು ನನಗೆ ಅಂದು ಗೊತ್ತಾಯಿತು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದು ಅದು ಗೊತ್ತಿರಲಿಲ್ಲ.

ಆ ಯಂತ್ರವನ್ನು ಕಾಯುವುದು ನನ್ನ ಕೆಲಸ ಎಂದು ನಾನೇ ತೀರ್ಮಾನಿಸಿದೆ. ಉಪ್ಪುಗಾಳಿ ತಿಂದುಬಿಡುತ್ತದೆ ಎಂಬ ಭಯ. ಸಂಜೆ ಅವಳು ಎದ್ದ ಕೂಡಲೇ ಅದನ್ನು ಒಗೆದ ಹಳೆಯ ಪಂಚೆಯಲ್ಲಿ ಸುತ್ತಿ ಉಮಿಯ ಪೆಟ್ಟಿಗೆಯಲ್ಲಿ ಇಟ್ಟು, ಮೇಲೆ ಉಮಿ ಎಳೆದು ಮುಚ್ಚುತ್ತಿದ್ದೆ. ಬೆಳಿಗ್ಗೆ ತೆಗೆದು ಕೊಡವಿ ಕೊಡುತ್ತಿದ್ದೆ. ಅವಳು ನೋಡಿ ನಗುತ್ತಿದ್ದಳು. ಬೇಡ ಎಂಬಂತೆ ಏನೋ ಕೈಯಾಡಿಸುತ್ತಲೂ ಇದ್ದಳು. ನನಗೆ ತಿಳಿಯುತ್ತಿರಲಿಲ್ಲ, ತಿಳಿದವನ ಹಾಗೆ ತಲೆಯಾಡಿಸಿ ಮುಚ್ಚಳ ಹಾಕುತ್ತಿದ್ದೆ.

ಮುಂದಿನ ಮಳೆಗಾಲ ಹಿಡಿದ ಮೇಲೆ ಅದು ಕೈಕೊಡಲು ಶುರುಮಾಡಿತು. ಫೋಟೋ ನೋಡಿದರೆ ಏನೂ ಇಲ್ಲ, ಬರೆದರೆ ಏನೂ ಇಲ್ಲ. ಇಂಟರ್ನೆಟ್ ತೆರೆದು ಮುಖಗಳು ಬಂದು ಮಾತು ರಂಗೇರಿದ ಹೊತ್ತಿಗೆ ಒಳಗಿನಿಂದ ಗುಂಯ್ ಎಂಬ ಸದ್ದು ಏಳುತ್ತಿತ್ತು. ಆಮೇಲೆ ಗೆಳತಿಯ ಕೈ ಮಾತಿನ ಮಧ್ಯದಲ್ಲಿ ಹಾಗೇ ನಿಂತುಬಿಡುತ್ತಿತ್ತು. ನೀಲಿ ಪರದೆ, ಬಿಳಿ ಇಂಗ್ಲಿಷ್ ಅಕ್ಷರ, ಕತ್ತಲೆ. ಮಗಳು ಗುಂಡಿ ಒತ್ತಿ ಕಾಯುವಳು. ಮತ್ತೆ ಬರುವುದು, ಮೊದಲಿಗಿಂತ ಬೇಗ ಮತ್ತೆ ಸಾಯುವುದು. ಅವಳಿಗೆ ಗುಂಯ್ ಎಂಬುದು ಕೇಳುತ್ತಿರಲಿಲ್ಲ. ಕೇಳುತ್ತಿದ್ದದ್ದು ನನಗೆ. ಗಿರಣಿಯವನಾಗಿ ಆ ಸದ್ದಿನ ಅರ್ಥ ನನಗೆ ಹೊಳೆಯಬೇಕಿತ್ತು.

ನಾನು ಹುಡುಕಿದ್ದು ಬೇರೆ ಕಡೆ. ಪ್ಲಗ್ಗು ಬದಲಿಸಿದೆ. ಕರೆಂಟು ಕುಣಿಯುತ್ತದೆ ಎಂದು ಟೀವಿಯ ಸ್ಟೆಬಿಲೈಸರ್ ತಂದು ಇದಕ್ಕೆ ಹಾಕಿದೆ. ಫೋನಿನ ಲೈನ್‌ಮನ್ನನನ್ನು ಕರೆಸಿದೆ. ಅವನು ಕಂಬ ಹತ್ತಿ ಇಳಿದು, “ನಮ್ ಲೈನಲ್ಲಿ ಎಂತದೂ ಇಲ್ಲ ಮಾರಾಯ್ರೆ. ನಿಮ್ ಪೆಟ್ಗಿಗೇ ಎಂತದೋ ಹೊಡ್ದದೆ,” ಎಂದು ಚಾ ಕುಡಿದು ಹೋದ. ಮುಂಬಯಿಗೆ ಫೋನು ಮಾಡಿದೆ. ಹೆಂಡತಿಯ ತಮ್ಮ, “ಇಂಟರ್ನೆಟ್ ಹಾಕ್ದಾಗ ಮಾತ್ರ ಬಂದ್ ಆತದೆ ಅಂದ್ರೆ ವೈರಸ್ಸೇ ಭಾವ. ಭಟ್ಕಳಕ್ಕೆ ಕೊಂಡೋಗಿ ತೋರ್ಸು,” ಎಂದ. ನನಗೂ ಅದು ಸರಿ ಕಂಡಿತು. ಇಂಟರ್ನೆಟ್ ಇಲ್ಲದಾಗ ಬದುಕಿರುತ್ತದೆ, ಇಂಟರ್ನೆಟ್ ಬಂದಾಗ ಸಾಯುತ್ತದೆ. ಅಂದ ಮೇಲೆ ರೋಗ ಬರುವುದು ಅಲ್ಲಿಂದಲೇ.

ಭಟ್ಕಳ ಪೇಟೆಯಲ್ಲಿ ಮಾಳಿಗೆಯ ಮೇಲೆ ಒಂದು ಕಂಪ್ಯೂಟರ್ ಅಂಗಡಿ. ಎ.ಸಿ. ಹಾಕಿದ ಕೋಣೆ, ಚಪ್ಪಲಿ ಹೊರಗೆ ಬಿಡಬೇಕು. ಲ್ಯಾಪ್‌ಟಾಪನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಹೋದೆ. ರಿಪೇರಿಯವನು ಒಳ್ಳೆಯ ಮನುಷ್ಯ. ಫೋನಿನಲ್ಲಿ ಯಾರೊಡನೆಯೋ ತನ್ನ ನವಾಯತಿ ಭಾಷೆಯಲ್ಲಿ ಮಾತಾಡುತ್ತಲೇ ಅದನ್ನು ತೆರೆದು, ಇಂಟರ್ನೆಟ್ ಹಾಕಿ ನೋಡಿದ. ಆ ತಣ್ಣಗಿನ ಕೋಣೆಯಲ್ಲಿ ಅದು ಒಮ್ಮೆಯೂ ಬಂದ್ ಆಗಲಿಲ್ಲ. ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಲ್ಲುತ್ತದಲ್ಲ, ಹಾಗೆ.

“ವೈರಸ್ ಉಂಟು ಅಣ್ಣಾ, ಸುಮಾರ್ ಉಂಟು,” ಎಂದ.

“ಅದ್ ಹ್ಯಾಂಗ್ ಬತ್ತದೆ?”

“ಹ್ಯಾಂಗೂ ಬರ್ತದೆ. ಎಂತೆಂತದೋ ಸೈಟ್ ನೋಡಿದ್ರೆ ಬರ್ತದೆ. ಮನೇಲಿ ಹುಡುಗ್ರು ಇದ್ದಾರಾ?”

“ಒಬ್ಳೇ ಮಗಳು.”

ಅವನು ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ತಗ್ಗಿಸಿದ. “ಫಾರ್ಮ್ಯಾಟ್ ಹೊಡೀತೆ. ಒಳಗಿದ್ದದ್ದೆಲ್ಲ ಹೋಗ್ತದೆ, ಆಗ್ಲಾ?”

“ಹೋಗ್ಲಿ,” ಎಂದೆ. ಒಳಗೆ ಏನಿತ್ತು ಎಂದು ನನಗೆ ಗೊತ್ತಿರಲಿಲ್ಲ. ಕೇಳಿಕೊಂಡು ಬರೋಣ ಎಂದೂ ಅನಿಸಲಿಲ್ಲ.

ಒಳಗೆ ಇದ್ದದ್ದು ಹಾಸ್ಟೆಲಿನ ಫೋಟೋಗಳು, ಗೆಳತಿಯರು ಕೈಯಲ್ಲಿ ಕಥೆ ಹೇಳಿ ಕಳಿಸಿದ ವಿಡಿಯೋಗಳು, ಅವರನ್ನು ಕರೆಯುವ ವಿಳಾಸಗಳು. ಮಗಳು ಪರದೆಯನ್ನು ಮೇಲೆ ಕೆಳಗೆ ಹುಡುಕಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಎಲ್ಲಿ ಹೋತು ಅಂತ ಕೇಳ್ತದೆ,” ಎಂದಳು ಹೆಂಡತಿ.

“ಹುಳ ಹಿಡ್ದಿತ್ತು, ತೊಳ್ದ್ ಕೊಟ್ಟಾರೆ ಅನ್ನು.”

ನನ್ನ ಮೊಬೈಲಿನಲ್ಲಿ ಮೆಸೇಜು ಕಳಿಸಿ ಕಳಿಸಿ ಅವಳು ಕೆಲವರನ್ನು ಮತ್ತೆ ಕೂಡಿಸಿಕೊಂಡಳು. ಎಲ್ಲರೂ ಸಿಗಲಿಲ್ಲ. ಒಂದಷ್ಟು ದಿನ ಯಂತ್ರವೂ ಸರಿಯಾಗಿ ನಡೆಯಿತು. ಬಸ್ಸಿನ ಕುಲುಕಾಟಕ್ಕೆ ಒಳಗಿನದು ಸ್ವಲ್ಪ ಉದುರಿರಬೇಕು ಎಂದು ಈಗ ತಿಳಿಯುತ್ತದೆ. ನಾನು ಮತ್ತೆ ಪಂಚೆ ಸುತ್ತಿದೆ, ಮತ್ತೆ ಉಮಿಯಲ್ಲಿ ಮಲಗಿಸಿದೆ. ಚೌತಿ ಹತ್ತಿರ ಬರುವಾಗ ಅದು ಮತ್ತೆ ಸಾಯತೊಡಗಿತು.

ವೈರಸ್ಸು ಮತ್ತೆ ಬಂದಿದೆ ಎಂದ ಮೇಲೆ ಅವಳು ಮತ್ತೆ ನೋಡಬಾರದ್ದನ್ನು ನೋಡಿದ್ದಾಳೆ. ನನ್ನ ತಲೆಯಲ್ಲಿ ಲೆಕ್ಕ ಹೀಗೆ ಕೂತಿತು. ಅದಕ್ಕೆ ಸರಿಯಾಗಿ ಚಕ್ಕುಲಿ ಹಿಟ್ಟು ಮಾಡಿಸಲು ಬಂದ ಪಕ್ಕದೂರು ಹೆಬಳೆಯ ಹೆಂಗಸೊಬ್ಬಳು ಮಧ್ಯದ ಬಾಗಿಲಿನಿಂದ ಇಣುಕಿ ನೋಡಿ ಬಂದಳು. ಕಲ್ಲು ನಿಲ್ಲಿಸಿದ ಕೂಡಲೇ ಎಲ್ಲರಿಗೂ ಕೇಳುವ ಹಾಗೆ, “ನಿಮ್ಮ ಹುಡ್ಗಿಗೆ ಬಾಯಿಲ್ಲ ಅಂತ ಯಾರ್ ಹೇಳ್ದವ್ರು? ಪೆಟ್ಗಿ ಒಳಗೆ ಗಂಡ್ಸಿನ ಕೂಡ ಎಂತ ಚಂದ ಮಾತಾಡ್ತದೆ,” ಎಂದಳು. ಸರದಿಯಲ್ಲಿ ನಿಂತವರು ನಕ್ಕರು. ಕೆಟ್ಟ ನಗುವೇನೂ ಅಲ್ಲ, ಗಿರಣಿಯಲ್ಲಿ ದಿನಾ ನಗುವ ನಗು. ನಾನೂ ನಕ್ಕೆ. ಹಿಟ್ಟು ತುಂಬಿ ಕೊಟ್ಟೆ. ಆ ಮಾತು ಮಾತ್ರ ಒಳಗೆ ಉಳಿಯಿತು.

ಎರಡು ದಿನ ಬಿಟ್ಟು ಮಧ್ಯಾಹ್ನ ಗಿರಣಿಯ ಫ್ಯೂಸ್ ಹೋಯಿತು. ತಂತಿ ಹುಡುಕಲು ಒಳಗೆ ಬಂದೆ. ಮಗಳು ನನಗೆ ಬೆನ್ನು ಹಾಕಿ ಕೂತಿದ್ದಳು. ಪರದೆಯಲ್ಲಿ ಒಬ್ಬ ಯುವಕ. ಅವಳು ಏನೋ ಹೇಳುತ್ತಿದ್ದಳು: ಎರಡೂ ಕೈಯಲ್ಲಿ ಏನನ್ನೋ ಸುತ್ತಿ, ಮಗುವನ್ನು ಮಲಗಿಸಿದ ಹಾಗೆ ಮಲಗಿಸಿ, ಮೇಲಿನಿಂದ ಮುಚ್ಚಿ, ತಟ್ಟಿ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅವಳೂ ಆ ಗಂಟಲಿನ ಸದ್ದಿನಲ್ಲಿ ನಗುತ್ತಿದ್ದಳು. ಮಲಗಿಸುವುದು, ಹೊದಿಸುವುದು, ನಗು. ನನ್ನ ಕಣ್ಣಿಗೆ ಕಂಡದ್ದು ಅಷ್ಟೇ.

ಮುಂದೆ ಹೋಗಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಬಡಿದೆ. ಅವಳ ಬೆರಳು ಸ್ವಲ್ಪದರಲ್ಲಿ ತಪ್ಪಿತು. ಅವಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದೆ. ಅವಳಿಗೆ ತಿಳಿಯಲಿ ಎಂದು ಬಾಯಿ ಬಿಡಿಸಿ, ಒಂದೊಂದೇ ಮಾತು ನಿಧಾನವಾಗಿ ಹೇಳಿದೆ.

“ಹೊಲಸು ನೋಡ್ತಿ ನೀನು. ಹೊಲಸು ಮಂದಿ ಕೂಡ ಆಡ್ತಿ. ನಾಚ್ಕೆ ಇಲ್ಲ ನಿಂಗೆ.”

ನನ್ನ ಮಾತು ಅವಳಿಗೆ ಅರ್ಥವಾಗಬೇಕು ಎಂದು ಅಷ್ಟು ಕಷ್ಟಪಟ್ಟು ತುಟಿಯಾಡಿಸಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಅರ್ಥವಾಯಿತು. ಮುಖದ ಬಣ್ಣ ಹೋಯಿತು. ಆಮೇಲೆ ಉತ್ತರ ಕೊಡಲು ಎರಡೂ ಕೈ ಎತ್ತಿದಳು. ನಾನು ಆ ಎರಡೂ ಕೈಗಳ ಮಣಿಕಟ್ಟು ಹಿಡಿದುಕೊಂಡೆ. ಗಟ್ಟಿಯಾಗಿ ಹಿಡಿದೆ, ಒಂದು ಬಳೆ ಒಡೆಯಿತು. ಮಾತಾಡುವ ಮನುಷ್ಯರ ಬಾಯಿಗೆ ಬಟ್ಟೆ ತುರುಕುವುದಕ್ಕೂ ಅದಕ್ಕೂ ಏನು ವ್ಯತ್ಯಾಸ? ಅವಳ ಕೈ ನನ್ನ ಮುಷ್ಟಿಯೊಳಗೆ ಸ್ವಲ್ಪ ಹೊತ್ತು ಹೊರಳಾಡಿತು. ಆಮೇಲೆ ಸುಮ್ಮನಾಯಿತು.

ಹೆಂಡತಿ ಹಿತ್ತಲಿನಿಂದ ಓಡಿ ಬಂದಳು. “ಅದ್ ಹೇಳೂದ್ ಒಂದ್ಸಲ ಕೇಳಿ. ನಾ ಹೇಳ್ತೆ ನಿಮ್ಗೆ, ಬಿಡಿ ಕೈ.”

“ನೀ ಬಾಯ್ ಮುಚ್ಚು. ನಿನ್ ಸಲುಗೆಯಿಂದ್ಲೇ ಇಷ್ಟ್ ಆದದ್ದು.”

ಲ್ಯಾಪ್‌ಟಾಪನ್ನು ಉಮಿಯ ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ. ಬೀಗದಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೆ. ನನ್ನ ಮೊಬೈಲನ್ನೂ ಅವಳ ಕೈಗೆ ಕೊಡುವುದನ್ನು ನಿಲ್ಲಿಸಿದೆ.

ಅವಳು ಅಳಲಿಲ್ಲ, ಊಟ ಬಿಡಲಿಲ್ಲ. ಗಿರಣಿಗೆ ಬಂದು ಎಂದಿನಂತೆ ಜರಡಿ ಹಿಡಿದಳು. ಕೈಯಾಡಿಸುವುದನ್ನು ಮಾತ್ರ ನಿಲ್ಲಿಸಿದಳು. ಕೆಲವು ದಿನ ತಾಯಿಯ ಜೊತೆ ಅಡುಗೆಮನೆಯಲ್ಲಿ ಸ್ವಲ್ಪ ಆಡಿರಬೇಕು. ಆಮೇಲೆ ಅದೂ ಕಡಿಮೆಯಾಯಿತು. ಕೆಲಸವಿಲ್ಲದಾಗ ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂರುವಳು. ಗೋಡೆಗೆ ಅಂಗೈ ಇಡುವುದನ್ನೂ ಬಿಟ್ಟಳು. ಬೆಲ್ಟು ಜಾರುವುದು ನನಗೇ ತಡವಾಗಿ ತಿಳಿಯಲು ಶುರುವಾಯಿತು.

ಮಾರನೆಯ ವರ್ಷ ಸಂಕ್ರಾಂತಿ ಕಳೆದ ಕೂಡಲೇ ಮದುವೆ ಮಾಡಿದೆ. ಗಂಡಿನ ಮನೆ ಹೊನ್ನಾವರದ ಹತ್ತಿರ ಕರ್ಕಿಯಲ್ಲಿ. ಹುಡುಗ ಕುಮಟೆಯ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್, ಬೆಳಿಗ್ಗೆ ಬಸ್ಸಿಗೆ ಹೋಗಿ ಕತ್ತಲೆಗೆ ಬರುವವನು. ಒಳ್ಳೆಯವನೇ; ಕೈ ಎತ್ತಿದವನಲ್ಲ, ಬೈದವನಲ್ಲ. ಕೈಮಾತು ಬರುವುದಿಲ್ಲ, ಅವನ ಮನೆಯಲ್ಲಿ ಯಾರಿಗೂ ಬರುವುದಿಲ್ಲ. ನೋಡಲು ಬಂದ ದಿನ ಅವಳಿಗೆ ಒಪ್ಪಿಗೆಯೇ ಎಂದು ಹಿರಿಯರು ಕೇಳಿದರು. ತಲೆಯಾಡಿಸಿದಳು. ಅವಳು ಬೇರೆ ಏನು ಹೇಳಬಹುದಿತ್ತು, ಯಾರಿಗೆ ಹೇಳಬಹುದಿತ್ತು?

ಅದರ ನಂತರದ ಬೇಸಿಗೆಯಲ್ಲಿ ಪೆಟ್ಟಿಗೆಯ ಉಮಿಯನ್ನು ಬಿಸಿಲಿಗೆ ಹಾಕಲು ಬೀಗ ತೆಗೆದೆ. ಪ್ರತಿ ಬೇಸಿಗೆಯ ಕೆಲಸ ಅದು. ಪಂಚೆಯ ಗಂಟು ಕೈಗೆ ಸಿಕ್ಕಿತು. ಯಾರಿಗಾದರೂ ಕೊಟ್ಟುಬಿಡೋಣ, ನಡೆಯುತ್ತದೆಯೋ ನೋಡೋಣ ಎಂದು ವೈರು ಚುಚ್ಚಿದೆ. ಮಗಳು ಮಾಡುತ್ತಿದ್ದದ್ದನ್ನು ನೋಡಿ ನೋಡಿ ಇಂಟರ್ನೆಟ್ ತೆರೆಯುವಷ್ಟು ನನಗೂ ಬರುತ್ತಿತ್ತು. ಯಾವುದೋ ವಿಡಿಯೋ ಹಾಕಿ ಬಿಟ್ಟೆ. ಗುಂಯ್ ಎಂದಿತು, ನೀಲಿಯಾಯಿತು, ಕತ್ತಲಾಯಿತು. ಮಗಳಿಲ್ಲ, ನೋಡುವವರಿಲ್ಲ, ಆದರೂ ಅದೇ ರೋಗ. ಎತ್ತಿಡೋಣ ಎಂದು ಅಡಿಗೆ ಕೈ ಹಾಕಿದೆ.

ಅಡಿಭಾಗ ಸುಡುತ್ತಿತ್ತು.

ಆ ಬಿಸಿ ನನ್ನ ಅಂಗೈಗೆ ಹೊಸದಲ್ಲ. ಗಿರಣಿಯ ಮೋಟಾರಿನ ಹಿಂದೆ ಒಂದು ಫ್ಯಾನು, ಅದಕ್ಕೊಂದು ಜಾಲರಿ ಇರುತ್ತದೆ. ಜಾಲರಿಗೆ ತೌಡಿನ ಧೂಳು ಕಟ್ಟಿಕೊಂಡರೆ ಗಾಳಿಯಾಡದೆ ಮೋಟಾರು ಕಾಯುತ್ತದೆ. ಸುಟ್ಟುಹೋಗದ ಹಾಗೆ ಸ್ಟಾರ್ಟರ್ ತಾನೇ ಬೀಳುತ್ತದೆ. ಭಾರ ಹೆಚ್ಚಿದಷ್ಟೂ ಬೇಗ ಬೀಳುತ್ತದೆ. ಪ್ರತಿ ವಾರ ಬ್ರಶ್ಶು ಹಿಡಿದು ಆ ಜಾಲರಿ ಉಜ್ಜುತ್ತಿದ್ದವನು ನಾನೇ. ಒಂದು ಸಲ ಉಜ್ಜದೆ ಬಿಟ್ಟ ಆಳಿಗೆ, ಯಂತ್ರಕ್ಕೂ ಮೂಗು ಇರ್ತದೆ ಮಾರಾಯಾ ಎಂದು ಬೈದವನೂ ನಾನೇ.

ಸ್ಕ್ರೂ ಡ್ರೈವರ್ ತಂದು ಅಡಿಯ ಮುಚ್ಚಳ ತೆಗೆದೆ. ಮೂಲೆಯಲ್ಲಿ ಚಿಕ್ಕ ಫ್ಯಾನು. ಅದರ ಬಾಯಿಗೆ ಹಪ್ಪಳದಷ್ಟು ದಪ್ಪದ ಒಂದು ಹಾಳೆ ಕಟ್ಟಿತ್ತು. ಬೆರಳಿನಿಂದ ಎತ್ತಿದರೆ ಹಾಗೇ ಎದ್ದು ಬಂತು. ಉಮಿಯ ಪುಡಿ, ನನ್ನ ಪಂಚೆಯ ನೂಲು, ಥಂಡಿಗೆ ಎರಡೂ ಬೆರೆತು ಕಂಬಳಿಯ ತುಂಡಿನಂತಾಗಿತ್ತು. ಬ್ರಶ್ಶಿನಿಂದ ಉಜ್ಜಿ, ಊದಿ, ಮುಚ್ಚಳ ಹಾಕಿ ಮತ್ತೆ ವಿಡಿಯೋ ಹಚ್ಚಿದೆ. ದೀಪ ಹಚ್ಚುವ ಹೊತ್ತಾದರೂ ಅದು ನಿಲ್ಲಲಿಲ್ಲ. ಉಸಿರು ಸರಾಗ ಬಂದವರ ಹಾಗೆ ಓಡುತ್ತಲೇ ಇತ್ತು.

ಹೆಂಡತಿ ದೀಪ ಇಟ್ಟು ಬಂದು, ನನ್ನ ಅಂಗೈಯಲ್ಲಿದ್ದ ಆ ಹಾಳೆಯನ್ನು ನೋಡಿದಳು.

“ಉಮಿಯಾ?”

“ಹೌದು.”

“ಆ ದಿನ ಹುಡ್ಗಿ ಅದ್ನೇ ಹೇಳ್ತಿತ್ತು,” ಎಂದಳು. “ನನ್ ಅಪ್ಪ ಇದ್ನ ಬಾಳಂತಿ ಮಗು ಹಂಗೆ ಪಂಚೆಲಿ ಸುತ್ತಿ ಉಮಿಲಿ ಮಲಗಿಸ್ತಾನೆ ಅಂತ. ಅದ್ಕೇ ಆ ಹುಡ್ಗ ನಗಾಡಿದ್ದು. ಅದ್ಕೆ ಗಾಳಿ ಬೇಕು, ಉಮಿಲಿ ಇಡ್ಬೇಡಿ ಅಂತ ಅಪ್ಪಂಗೆ ಹೇಳು ಅಂತ ಅವ ಹೇಳೂಕೆ ಶುರು ಮಾಡಿದ್ನಂತೆ. ಅಷ್ಟರಲ್ಲಿ ನೀವ್ ಬಂದ್ರಿ.”

“ನಂಗೆ ಎಂತಕ್ಕೆ ಹೇಳ್ಲಿಲ್ಲ ನೀನು?”

“ಅದ್ರ ಕೈ ಹಿಡ್ದ್ರಿ. ನನ್ ಬಾಯ್ ಮುಚ್ಚಿಸಿದ್ರಿ. ಮತ್ತೆ ಯಾರ್ ಹೇಳೂದು?”

ಸಿಟ್ಟಿನಿಂದ ಹೇಳಲಿಲ್ಲ. ಅಕ್ಕಿ ತೊಳೆಯಲು ಒಳಗೆ ಹೋದಳು.

ಆ ಯುವಕ ಅವಳ ತರಗತಿಯವನಂತೆ. ಬರೀ ಗೆಳೆಯನೋ, ಅದಕ್ಕಿಂತ ಹೆಚ್ಚೋ, ನಾನು ಕೇಳಲಿಲ್ಲ. ಹೆಚ್ಚೇ ಆಗಿದ್ದರೆ ತಪ್ಪು ಅವರದಾಗುತ್ತಿರಲಿಲ್ಲ, ನನ್ನದು ಇನ್ನಷ್ಟು ದೊಡ್ಡದಾಗುತ್ತಿತ್ತು.

ಅಂದು ರಾತ್ರಿ ಊಟದ ನಂತರ ಹೆಂಡತಿಯ ಹತ್ತಿರ ಒಂದೇ ಒಂದು ಕೇಳಿದೆ. ಕೈಮಾತಿನಲ್ಲಿ ಮಗಳ ಹೆಸರು ಹೇಗೆ? ನಾವು ಇಟ್ಟ ಹೆಸರು ಅವಳು ಒಮ್ಮೆಯೂ ಕೇಳಿದ್ದಲ್ಲ. ಹಾಸ್ಟೆಲಿನ ಮಕ್ಕಳು ಒಬ್ಬರಿಗೊಬ್ಬರು ಬೇರೆ ಹೆಸರು ಕೊಟ್ಟುಕೊಂಡಿರುತ್ತಾರೆ. ಹೆಂಡತಿ ತೋರಿಸಿದಳು. ಕ್ಷಮಿಸು ಎನ್ನುವುದು ಹೇಗೆ ಎಂದೂ ಕೇಳಬೇಕೆಂದಿದ್ದೆ. ಅವಳ ಮುಖ ನೋಡಿ ಕೇಳಲಾಗಲಿಲ್ಲ.

ಚೌತಿಗೆ ಮಗಳು ಬಂದಳು. ಗಂಡ ಅವಳನ್ನು ತಂದು ಬಿಟ್ಟು ಕುಮಟೆಗೆ ಹೋದ, ಹಬ್ಬದ ವ್ಯಾಪಾರದ ದಿನಗಳು. ನಾನು ಲ್ಯಾಪ್‌ಟಾಪನ್ನು ಒರೆಸಿ, ಅಡಿಗೆ ಗಾಳಿಯಾಡಲು ಎರಡು ಮರದ ಪಟ್ಟಿ ಇಟ್ಟು, ಜಗಲಿಯ ಮೇಜಿನ ಮೇಲೆ ಅವಳ ಮುಂದೆ ಇಟ್ಟೆ. ಅವಳು ನನ್ನನ್ನು ನೋಡಿದಳು, ಅದನ್ನು ನೋಡಿದಳು. ಬಹಳ ಹೊತ್ತಿನ ಮೇಲೆ ತೆರೆದಳು. ಏನೇನೋ ಒತ್ತಿದಳು. ಗೆಳತಿಯರ ಹೆಸರಿನ ಮುಂದೆ ಹಸಿರು ದೀಪ ಇರಬೇಕಾದಲ್ಲಿ ಎಲ್ಲ ಬೂದು. ಕೆಲವರು ಮದುವೆಯಾಗಿ ಹೋಗಿರಬೇಕು, ಕೆಲವರು ಹೇಳದೆ ಕೇಳದೆ ಮಾಯವಾದವಳನ್ನು ಮರೆತಿರಬೇಕು. ಯಾರೂ ಬರಲಿಲ್ಲ. ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ಅವಳ ಮುಖವೇ ಇತ್ತು. ಅವಳು ಅದನ್ನೇ ನೋಡುತ್ತ ಬಲಗೈ ಎತ್ತಿ ಏನೋ ಹೇಳಿದಳು. ಚೌಕದಲ್ಲಿದ್ದವಳೂ ಅದನ್ನೇ ಹೇಳಿದಳು. ಆಮೇಲೆ ಇಬ್ಬರೂ ಕೈ ಇಳಿಸಿದರು.

ಯಂತ್ರ ಬಂದ್ ಆಗಲಿಲ್ಲ. ಎಷ್ಟು ಹೊತ್ತು ಬೇಕಾದರೂ ನಡೆಯುತ್ತಿತ್ತು. ಅವಳೇ ಮುಚ್ಚಿದಳು.

ನಾನು ಮಧ್ಯದ ಬಾಗಿಲಲ್ಲಿ ನಿಂತಿದ್ದೆ. ಹೇಳಬೇಕಾದ ಮಾತನ್ನು ಬಾಯಿ ಬಿಡಿಸಿ, ನಿಧಾನವಾಗಿ, ಕನ್ನಡಿಯ ಮುಂದೆ ಕಲಿತಿಟ್ಟುಕೊಂಡಿದ್ದೆ. ಅವಳು ತಿರುಗಿ ನನ್ನ ತುಟಿಯನ್ನು ನೋಡಿದಳು. ಹಿಂದೊಮ್ಮೆ ಅದೇ ತುಟಿಯಿಂದ ಏನನ್ನು ಓದಿದ್ದಳು ಎಂದು ನೆನಪಾಯಿತು.

“ಊಟ ಆತಾ?” ಎಂದೆ.

ಅವಳು ತಲೆಯಾಡಿಸಿದಳು.

ಆಮೇಲೆ ಎಷ್ಟೋ ಸಲ ಕರ್ಕಿಗೆ ಹೋದೆ. ಅವಳಿಗೊಂದು ಮಗುವಾಯಿತು, ಕಿವಿ ಕೇಳುವ ಮಗು. ತಾಯಿಯನ್ನು ಕರೆಯಬೇಕಾದರೆ ಸೆರಗು ಎಳೆಯುತ್ತದೆ. ಅವಳು ತಿರುಗುತ್ತಾಳೆ, ಬೇಕಾದ್ದನ್ನು ಕೊಡುತ್ತಾಳೆ. ಕೈಯಲ್ಲಿ ಮಾತಾಡಿದ್ದನ್ನು ನಾನು ಕಾಣಲಿಲ್ಲ. ಚೀಟಿ ಬರೆದು ಕೊಡಬಹುದಿತ್ತು, ಅವಳಿಗೆ ಓದಲು ಬರುತ್ತದೆ. ಪ್ರತಿ ಸಲ ಹಣ್ಣಿನ ಚೀಲ ಕೊಟ್ಟು, ಚಾ ಕುಡಿದು, ಶರಾವತಿ ಸೇತುವೆ ದಾಟಿ ಹಿಂದೆ ಬರುತ್ತಿದ್ದೆ.

ಹೆಂಡತಿ ತೀರಿಕೊಂಡ ದಿನ ಮಗಳು ಬಂದು ತಾಯಿಯ ಬದಿಗೆ ಮಂಡಿಯೂರಿದಳು. ಮನೆ ತುಂಬ ಜನ. ಅವಳು ಎರಡೂ ಕೈ ಎತ್ತಿ ಮಾತಾಡಲು ಶುರುಮಾಡಿದಳು. ಅಷ್ಟು ವರ್ಷ ಮಡಿಲಲ್ಲಿಟ್ಟದ್ದನ್ನೆಲ್ಲ ಆಡಿದಳು. ಬಳೆ ಮೊಣಕೈಗೆ ಹೋಗಿ ಕೂತವು. ಹೆಂಗಸರು ಅಳು ನಿಲ್ಲಿಸಿ ನೋಡಿದರು. ಅವಳ ಮಾತು ಬಲ್ಲ ಆ ಮನೆಯ ಒಂದೇ ಜೀವ ಕಣ್ಣು ಮುಚ್ಚಿಕೊಂಡಿತ್ತು. ಉಳಿದವರಲ್ಲಿ ಯಾರಿಗೂ ಏನೂ ತಿಳಿಯಲಿಲ್ಲ. ನನಗೆ ನಡುವೆ ಒಂದೇ ಒಂದು ಮಾತು ತಿಳಿಯಿತು. ತಾಯಿಗೆ ತನ್ನ ಗುರುತು ಹೇಳುತ್ತಿದ್ದಳು, ನಾನು ಬಂದಿದ್ದೇನೆ ಎಂದು. ಅದೊಂದನ್ನು ಹೆಂಡತಿ ನನಗೆ ಕಲಿಸಿದ್ದಳು.

ಈಗಲೂ ಅವಳು ವರ್ಷಕ್ಕೆ ಒಂದೆರಡು ಸಲ ಬಂದು ಮನೆ ಗುಡಿಸಿ, ನೀರು ತುಂಬಿಸಿ ಹೋಗುತ್ತಾಳೆ. ನಾನು ಮುಚ್ಚಿದ ಗಿರಣಿಯ ಮೆಟ್ಟಿಲ ಮೇಲೆ ಕೂತು ಹೊನ್ನಾವರದ ಕಡೆಯಿಂದ ಬರುವ ಬಸ್ಸು ಕಾಯುತ್ತೇನೆ. ಆಚೀಚೆ ಯಾರೂ ಇಲ್ಲದಾಗ ಕೈ ಎತ್ತಿ ಕಲಿಯುತ್ತೇನೆ. ಎರಡು ಬೆರಳು ಜೋಡಿಸಿ, ಎಡಹುಬ್ಬಿನ ನಡುವೆ ಕೂದಲಿಲ್ಲದ ಜಾಗಕ್ಕೆ ಮೆಲ್ಲಗೆ ಮುಟ್ಟಿಸುವುದು. ಅದು ನನ್ನ ಮಗಳ ಹೆಸರು.